‘ಸಂಸ್ಕಾರ’: ಕಾದಂಬರಿಯೂ ಚಿತ್ರಪಟವೂ

ಮಗಳನ್ನು ಕೊಟ್ಟ ಮನೆಗೆ ತಂದೆಯು ಮೊದಲನೆಯ ಸಲ ಹೋಗುವಾಗ ಅವನ ಮನಸ್ಸಿನಲ್ಲಿ ಎಂಥ ಆಶೆಯೂ ಎಂಥ ಅಳುಕೂ ಇರುವವೋ, ಪ್ರೀತಿಯ ಗ್ರಂಥವೊಂದರ ಚಿತ್ರಪಟವನ್ನು ನೋಡಲು ಕೂಡ್ರುವ ವಾಚಕನಲ್ಲಿಯೂ ಅಂಥವೇ ಇರುತ್ತವೆ. ಮನೆ ದೊಡ್ಡದಿರಬಹುದು, ಆದರೋಪಚಾರಕ್ಕೆ ಕೊರತೆ ಇರಲಿಕ್ಕಿಲ್ಲ, ಆದರೆ ತಂದೆಯ ಕಣ್ಣು ಹುಡುಕುವದು ಮಗಳ ಮೋರೆಯನ್ನು. ಕಳೆದ ಮಳೆಗಾಲದ ಒಂದು ಸಂಜೆ ಈ ಲೇಖಕನ ಮೊಮ್ಮಗನು ತನ್ನ ಗಣಕಯಂತ್ರದಲ್ಲಿ ‘ಸಂಸ್ಕಾರ’ದ ಚಿತ್ರಪಟವನ್ನು ತೋರಿಸಿದನು. ಕಾದಂಬರಿಯನ್ನು ಓದಿ ನಾಲ್ವತ್ತು ವರುಷಗಳ ಮೇಲಾಗಿದ್ದರೂ ಚಿತ್ರಪಟವನ್ನು ನೋಡುವ ಯೋಗ ಅಲ್ಲಿಯವರೆಗೆ ಬಂದಿರಲಿಲ್ಲ. ನೋಡಿ ಮುಗಿದ ಮೇಲೆ ಮೊಮ್ಮಗನು, “ಹ್ಯಾಂಗಿತ್ತು, ಅಜ್ಜಾ?” ಎಂದು ಕೇಳಿದನು. ಉತ್ತರ ಕೂಡಲೆ ಹೊರಡಲಿಲ್ಲ. ಆ ದಿನ ಹೊರಡದ ಉತ್ತರವನ್ನು ಇಲ್ಲಿ ಕ್ರಮವಾಗಿ ಬರೆಯುವ ಪ್ರಯತ್ನ ಮಾಡಿದ್ದೇನೆ. ಸಹೃದಯ ವಾಚಕರು ತಪ್ಪಿದ್ದಲ್ಲಿ ತಿದ್ದಬೇಕು.

ಶ್ರೀ ಯು. ಆರ್. ಅನಂತಮೂರ್ತಿಯವರ ಈ ಕಾದಂಬರಿಯು 1965ರಲ್ಲಿ ಪ್ರಸಿದ್ಧವಾಯಿತು. ನಾನು ಅದನ್ನು ಓದಿದ್ದು ಸಂಸ್ಕೃತ ಪಾಠಶಾಲೆಯಲ್ಲಿ ವಿದ್ಯಾರ್ಥಿಯಾಗಿದ್ದಾಗ. ಪಾಠಶಾಲೆಯ ಹಿರಿಯರು ಅದನ್ನು ಮುಟ್ಟಬಾರದೆಂದಿದ್ದರು. ಆದ್ದರಿಂದಲೇ ನಾವು ನಾಲ್ವರು ಹುಡುಗರು ಅದನ್ನು ತರ್ಕಸಂಗ್ರಹದ ಕೆಳಗಿಟ್ಟುಕೊಂಡು ಸರದಿಯಂತೆ ಓದಿದೆವು. ಬೈದುಕೊಳ್ಳುತ್ತ ಓದಲಾರಂಭಿಸಿದವರು ಮುಗಿಸುವಾಗ ಮೌನವಾಗಿದ್ದೆವು. ಯಾಕಂದರೆ ಅದು ನಮ್ಮನ್ನು ಹಳಿಯಲಿಕ್ಕೆ ಹೊರಗಿನವನೊಬ್ಬನು ಬರೆದ ಪುಸ್ತಕವಾಗಿರಲಿಲ್ಲ. ಒಳಗಿನವನೊಬ್ಬನು ನಮ್ಮದೇ ಪ್ರಶ್ನೆಯನ್ನು ನಾವು ಕೇಳಲಂಜಿದ ಧ್ವನಿಯಲ್ಲಿ ಕೇಳಿದ ಪುಸ್ತಕವಾಗಿತ್ತು.

ಕಥೆಯು ಬಹುಜನರಿಗೆ ತಿಳಿದದ್ದೇ ಇದೆ. ದೂರ್ವಾಸಪುರವೆಂಬ ಮಾಧ್ವ ಅಗ್ರಹಾರದಲ್ಲಿ ನಾರಣಪ್ಪನೆಂಬ ಆಚಾರಭ್ರಷ್ಟನು ಜ್ವರದಿಂದ ಸಾಯುತ್ತಾನೆ. ಬದುಕಿದ್ದಾಗ ಅವನಿಗೆ ಬಹಿಷ್ಕಾರ ಹಾಕಿರಲಿಲ್ಲ. ಆದ್ದರಿಂದ ಅವನು ಕುಲದ ಹೊರಗಿನವನಲ್ಲ. ಆದರೆ ನಡತೆಯಿಂದ ಒಳಗಿನವನೂ ಅಲ್ಲ. ಅವನ ಶವಕ್ಕೆ ಸಂಸ್ಕಾರವನ್ನು ಮಾಡತಕ್ಕವರು ಯಾರು? ಸಂಸ್ಕಾರವಾಗುವ ತನಕ ಅಗ್ರಹಾರದಲ್ಲಿ ಯಾರೂ ಉಣ್ಣುವಂತಿಲ್ಲ. ಕಾಶಿಯಲ್ಲಿ ಓದಿ ಬಂದ ಪ್ರಾಣೇಶಾಚಾರ್ಯರು ಗ್ರಂಥಗಳನ್ನು ಹುಡುಕುತ್ತಾರೆ. ಗ್ರಂಥ ಉತ್ತರ ಕೊಡುವದಿಲ್ಲ. ಮಾರುತಿಯನ್ನು ಕೇಳುತ್ತಾರೆ, ದೇವರೂ ಉತ್ತರ ಕೊಡುವದಿಲ್ಲ. ಆ ರಾತ್ರಿ ಅಡವಿಯಲ್ಲಿ ನಾರಣಪ್ಪನ ಇಟ್ಟುಕೊಂಡವಳಾದ ಚಂದ್ರಿಯೊಡನೆ ಅವರ ಸಂಗವಾಗುತ್ತದೆ. ಊರಲ್ಲಿ ಇಲಿಗಳು ಬೀಳುತ್ತವೆ, ಹದ್ದುಗಳು ಮಾಡಿನ ಮೇಲೆ ಕೂಡ್ರುತ್ತವೆ, ಒಬ್ಬೊಬ್ಬರಾಗಿ ಜನರು ಸಾಯುತ್ತಾರೆ. ಹೆಂಡತಿಯನ್ನು ದಹಿಸಿ ಆಚಾರ್ಯರು ದಿಕ್ಕಿಲ್ಲದೆ ನಡೆಯಲಾರಂಭಿಸುತ್ತಾರೆ.

ಪಾಶ್ಚಾತ್ಯರಲ್ಲಿ ಕೆಟ್ಟ ಲೋಕವೊಂದನ್ನು ಕಲ್ಪಿಸಿ ಬರೆಯುವ ಕಾದಂಬರಿಗಳ ಒಂದು ಜಾತಿಯೇ ಇರುತ್ತದೆ. ಹಕ್ಸ್‌ಲಿಯವರು 1932ರಲ್ಲಿಯೂ ಆರ್ವೆಲ್ಲರು 1949ರಲ್ಲಿಯೂ ಪ್ರಕಟಿಸಿದ ಗ್ರಂಥಗಳು ಇದಕ್ಕೆ ಪ್ರಸಿದ್ಧ ಉದಾಹರಣೆಗಳು. ಅವರು ಆ ಲೋಕವನ್ನು ಮುಂದಿನ ಕಾಲದಲ್ಲಿಟ್ಟರು. ‘ಸಂಸ್ಕಾರ’ವು ನನ್ನ ದೃಷ್ಟಿಯಲ್ಲಿ ಅದೇ ಜಾತಿಯ ಕನ್ನಡ ಕೃತಿ, ಭೇದವಿಷ್ಟೇ, ಅದರ ದುಃಸ್ವಪ್ನವು ನಮ್ಮ ಹಿಂದಿನ ಓಣಿಯಲ್ಲಿ ನಡೆಯುತ್ತದೆ. ಆರ್ವೆಲ್ಲರ ಲೋಕದಲ್ಲಿ ಆಳುವ ಕಟ್ಟಳೆಯು ಎಂದೂ ಮೌನವಾಗುವದಿಲ್ಲ. ಅದೇ ಅಲ್ಲಿಯ ಭಯ. ದೂರ್ವಾಸಪುರದಲ್ಲಿ ಊಟ, ಸ್ನಾನ, ನಿದ್ರೆಗಳನ್ನೆಲ್ಲ ಆಳುತ್ತಿದ್ದ ಕಟ್ಟಳೆಯು ಒಂದು ಬೆಳಿಗ್ಗೆ ಮೂಕವಾಗುತ್ತದೆ; ಇಲ್ಲಿಯ ಭಯ ಅದು. ಎರಡರಲ್ಲಿಯೂ ಮನುಷ್ಯನು ತಾನಾಗಿ ಒಂದು ಹೆಜ್ಜೆ ಇಡುವ ಶಕ್ತಿಯನ್ನು ಕಳೆದುಕೊಂಡಿದ್ದಾನೆ.

ನಮ್ಮ ಸೀಮೆಯ ಮನೆಗಳಿಗೆ ಇದು ಬರಿ ಕಲ್ಪನೆಯಲ್ಲ. 1896ರಲ್ಲಿ ಮುಂಬಯಿಗೆ ಕಾಲಿಟ್ಟ ಪ್ಲೇಗು ಮುಂದೆ ಈ ಇಲಾಖೆಯ ಕನ್ನಡ ಜಿಲ್ಲೆಗಳಿಗೂ ಹಬ್ಬಿತು. ಇಲಿ ಬಿತ್ತೆಂದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿದ್ದ ಸಂಗತಿಯನ್ನು ನನ್ನ ಅಜ್ಜಿಯು ತನ್ನ ಅತ್ತೆಯಿಂದ ಕೇಳಿ ನಮಗೆ ಹೇಳುತ್ತಿದ್ದಳು. ಹೆಣವನ್ನು ಎತ್ತುವ ಹೆಗಲುಗಳಿಲ್ಲದ ದಿನಗಳವು. ಆ ನೆನಪಿದ್ದವರ ಮನೆಯಲ್ಲಿ ಬೆಳೆದವನಿಗೆ ಕಾದಂಬರಿಯ ಸತ್ತ ಇಲಿಯು ಅಲಂಕಾರವಾಗಿ ತೋರಲಿಲ್ಲ.

ಇನ್ನೊಂದು ಸಂಗತಿಯನ್ನು ಸಂಕೋಚದಿಂದಲೇ ಹೇಳಬೇಕಾಗಿದೆ. ನನಗೆ ಮೂವತ್ತು ವರುಷವಿದ್ದಾಗ ಮಲಪ್ರಭೆಯ ದಂಡೆಯ ಒಂದು ಹಳ್ಳಿಯಲ್ಲಿ ಮಾಸ್ತರಿಕೆ ಮಾಡುತ್ತಿದ್ದೆನು. ನಮ್ಮ ಓಣಿಯಲ್ಲಿ ಒಂಟಿಯಾಗಿದ್ದ ವೃದ್ಧನೊಬ್ಬನು ತೀರಿಕೊಂಡನು. ಹೊಲದ ವ್ಯಾಜ್ಯದಿಂದ ದಾಯಾದಿಗಳು ಅವನ ಮನೆಯ ಹೊಸತಿಲು ತುಳಿಯುವದನ್ನು ಬಿಟ್ಟು ಬಹಳ ವರುಷಗಳಾಗಿದ್ದವು. ಆ ದಿನವೂ ಅವರು ಬರಲಿಲ್ಲ. ಅಧಿಕಾರಿ ಯಾರೆಂದು ಓದಿಕೊಂಡವನಾದ ನನ್ನನ್ನು ಕೇಳಿದರು. ನಾನು ನಿರ್ಣಯಸಿಂಧುವನ್ನು ತೆಗೆದುಕೊಂಡು ಕೂತೆನು. ಮಧ್ಯಾಹ್ನದವರೆಗೆ ಪುಟಗಳನ್ನು ತಿರುವಿದೆನು. ಕಡೆಗೆ ಹೊಲದಿಂದ ಬಂದ ನಾಲ್ವರು ಒಕ್ಕಲಿಗ ನೆರೆಯವರು ಏನೊಂದನ್ನೂ ಕೇಳದೆ ಚಟ್ಟ ಕಟ್ಟಿದರು, ಹೆಗಲು ಕೊಟ್ಟರು. ನಾನು ಪುಸ್ತಕವನ್ನು ಮುಚ್ಚಿ ಅವರ ಹಿಂದಿನಿಂದ ನಡೆದೆನು. ಆ ಪುಸ್ತಕದ ದೋಷ ಅದರಲ್ಲಿಲ್ಲ. ದೋಷವು ಅದನ್ನು ಮರೆಮಾಡಿಕೊಂಡು ಕೂತ ಮನುಷ್ಯನಲ್ಲಿತ್ತು. ‘ಸಂಸ್ಕಾರ’ವನ್ನು ಮರಳಿ ಓದಿದಾಗಲೆಲ್ಲ ನನಗೆ ಆ ಮಧ್ಯಾಹ್ನವೇ ಕಾಣುತ್ತದೆ. ಚಿತ್ರಪಟದಲ್ಲಿ ನಾನು ಹುಡುಕಿದ ಮಗಳ ಮೋರೆ ಇದೇ.

ಈಗ ಚಿತ್ರಪಟದ ವಿಷಯಕ್ಕೆ ಬರೋಣ. ಅದು 1970ರಲ್ಲಿ ಹೊರಬಂದಿತು. ತೆಲುಗು ಕವಿಗಳಾದ ಪಟ್ಟಾಭಿರಾಮ ರೆಡ್ಡಿಯವರು ನಿರ್ದೇಶಿಸಿದರು, ಗಿರೀಶ ಕಾರ್ನಾಡರು ಚಿತ್ರಕಥೆಯನ್ನು ಬರೆದು ಪ್ರಾಣೇಶಾಚಾರ್ಯರ ಪಾತ್ರವನ್ನು ವಹಿಸಿದರು, ಪಿ. ಲಂಕೇಶರು ನಾರಣಪ್ಪನಾದರು, ಸ್ನೇಹಲತಾ ರೆಡ್ಡಿಯವರು ಚಂದ್ರಿಯಾದರು, ಆಸ್ಟ್ರೇಲಿಯಾದ ಟಾಮ್ ಕೊವನ್ ಎಂಬವರು ಕಪ್ಪುಬಿಳುಪಿನಲ್ಲಿ ಛಾಯಾಗ್ರಹಣ ಮಾಡಿದರು. ಮದರಾಸಿನ ಸೆನ್ಸಾರ್ ಮಂಡಳಿಯು ಮೊದಲು ಇದರ ಪ್ರದರ್ಶನವನ್ನು ತಡೆಯಿತು. ಆಮೇಲೆ ಆ ತಡೆ ತೆರವಾಗಿ, ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಸ್ವರ್ಣಕಮಲವನ್ನು ಪಡೆದ ಮೊದಲನೆಯ ಕನ್ನಡ ಚಿತ್ರಪಟವೆಂಬ ಕೀರ್ತಿ ಇದಕ್ಕೆ ಬಂದಿತು. ಇವೆಲ್ಲ ಸಾಮಾನ್ಯ ಸಂಗತಿಗಳಲ್ಲ. ಮರ ಸುತ್ತುವ ಹಾಡುಗಳಿಲ್ಲದೆ, ಬಣ್ಣದ ಅರಮನೆಗಳಿಲ್ಲದೆ ಇಂಥದೊಂದು ಚಿತ್ರವನ್ನು ಆ ಕಾಲದಲ್ಲಿ ತೆಗೆದವರ ಧೈರ್ಯವನ್ನು ನಾನು ಮನಃಪೂರ್ವಕವಾಗಿ ಗೌರವಿಸುತ್ತೇನೆ. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ ಕಾರ್ನಾಡರು ನಮ್ಮ ಸೀಮೆಯವರಿಗೆ ಪರಕೀಯರೂ ಅಲ್ಲ. ಆದರೆ ಗೌರವವು ವಿಮರ್ಶೆಯ ಬಾಯನ್ನು ಕಟ್ಟಬಾರದು.

ನನ್ನ ಮೊದಲನೆಯ ಆಕ್ಷೇಪವು ದೃಶ್ಯ ಮತ್ತು ಸೂಚ್ಯಗಳ ವಿಷಯವಾಗಿರುತ್ತದೆ. ಧನಂಜಯನು ದಶರೂಪಕದಲ್ಲಿ ರಂಗದ ಮೇಲೆ ಪ್ರತ್ಯಕ್ಷವಾಗಿ ತೋರಿಸಬಾರದ ಸಂಗತಿಗಳನ್ನು ಎಣಿಸಿದ್ದಾನೆ. ದೂರದ ಪ್ರಯಾಣ, ವಧೆ, ಯುದ್ಧ, ರಾಜ್ಯದೇಶಾದಿಗಳ ವಿಪ್ಲವ, ಭೋಜನ, ಸ್ನಾನ, ಸುರತ ಇವೆಲ್ಲ ಆ ಪಟ್ಟಿಯಲ್ಲಿವೆ. ಇವನ್ನು ಬಿಡಬೇಕೆಂದು ಅವನ ಮತವಲ್ಲ. ವಿಷ್ಕಂಭ ಪ್ರವೇಶಕಾದಿಗಳಿಂದ ಸೂಚಿಸಬೇಕೆಂದು ಮತ. ಇದನ್ನು ಬರಿಯ ಮಡಿವಂತಿಕೆಯೆಂದು ನಗುವವರಿದ್ದಾರೆ. ಆದರೆ ಆಶ್ಚರ್ಯವನ್ನು ನೋಡಿರಿ: ‘ಸಂಸ್ಕಾರ’ದ ಕಥಾಶರೀರವು ಬಹುಮಟ್ಟಿಗೆ ಈ ಪಟ್ಟಿಯಿಂದಲೇ ಕಟ್ಟಲ್ಪಟ್ಟಿದೆ. ಮರಣ, ಊರಿನ ವಿಪ್ಲವ, ತಡೆದ ಭೋಜನ, ರೋಗಿಷ್ಠ ಹೆಂಡತಿಯ ಸ್ನಾನ, ಅಡವಿಯ ಸಮಾಗಮ, ಕೊನೆಯ ದೂರದ ಪ್ರಯಾಣ. ಹೀಗಿರಲಾಗಿ ಇದು ಹುಟ್ಟಿನಿಂದಲೇ ಶ್ರವ್ಯಕಾವ್ಯ. ಮಾತಿನ ತೆಳುವಾದ ಪರದೆಯೊಂದು ನಡುವೆ ಇರುವದರಿಂದಲೇ ಇಲ್ಲಿಯ ಭಯವು ಭಯಾನಕವೆಂಬ ರಸವಾಗುತ್ತದೆ, ಜುಗುಪ್ಸೆಯು ಬೀಭತ್ಸವೆಂಬ ರಸವಾಗುತ್ತದೆ.

ಭವಭೂತಿಯು ಮಾಲತೀಮಾಧವದ ಐದನೆಯ ಅಂಕದಲ್ಲಿ ಸ್ಮಶಾನವನ್ನು ತಂದನು. ಆದರೆ ಹೆಣ ತಿನ್ನುವ ಪಿಶಾಚಗಳನ್ನು ಮಾಧವನ ಶ್ಲೋಕಗಳಲ್ಲಿ ತಂದನು. ಕೇಳುವವನು ಛಂದಸ್ಸಿನ ಕೈ ಹಿಡಿದುಕೊಂಡು ಆ ಘೋರವನ್ನು ದಾಟುತ್ತಾನೆ. ಅನಂತಮೂರ್ತಿಯವರ ಗದ್ಯದಲ್ಲಿ ನಾರಣಪ್ಪನ ಹೆಣದ ವಾಸನೆಯು ಪುಟದಿಂದ ಪುಟಕ್ಕೆ ಬೆಳೆಯುತ್ತದೆ. ಪಾರಿಜಾತದ ಹೂವು, ಹೊಗೆ, ಹಸಿದ ಹೊಟ್ಟೆ ಇವುಗಳ ನಡುವೆ ಅದು ಸುಳಿಯುತ್ತದೆ. ಓದುವವನು ತನ್ನ ಮನೆಯ ಕಿಡಿಕಿಯನ್ನು ಮುಚ್ಚಬೇಕೆನ್ನುವನು. ಚಿತ್ರಪಟಕ್ಕೆ ಮೂಗಿಲ್ಲ. ಅದು ಹದ್ದನ್ನು ತೋರಿಸಬಲ್ಲದು; ಹದ್ದು ಕೂತ ಮನೆಯೊಳಗಿನವರ ಉಸಿರನ್ನು ತೋರಿಸುವದು ಅದಕ್ಕೆ ಕಷ್ಟ. ಮಾಡಿನ ಮೇಲೆ ಕೂತ ಹದ್ದನ್ನು ನೋಡಿ ನಾನು ಅಂಜಲಿಲ್ಲ. ಅದು ಹದ್ದೆಂದು ತಿಳಿದೆನು.

ಎರಡನೆಯ ಆಕ್ಷೇಪವು ಇದಕ್ಕಿಂತ ಗಹನವಾದದ್ದು. ಈ ಕಾದಂಬರಿಯ ಒಳಗೇ ಶಬ್ದದ ಶಕ್ತಿಯನ್ನು ಕುರಿತ ಒಂದು ವಿಚಾರವಿದೆ. ಪ್ರಾಣೇಶಾಚಾರ್ಯರು ಪುರಾಣ ಹೇಳುವಾಗ ಶಕುಂತಲೆಯನ್ನು ವರ್ಣಿಸುತ್ತಾರೆ. ಅವರಿಗೆ ಅದು ಕಾವ್ಯ. ಕೇಳುತ್ತ ಕೂತ ತರುಣ ಶ್ರೀಪತಿಗೆ ಅದು ಬೆಂಕಿ. ಅವನು ಎದ್ದು ಹೊಳೆಯ ಕಡೆಗೆ, ಬೆಳ್ಳಿಯ ಕಡೆಗೆ ಹೋಗುತ್ತಾನೆ. ನಾರಣಪ್ಪನು ಆಚಾರ್ಯರನ್ನು ಚುಚ್ಚುವದೂ ಇದನ್ನು ಹಿಡಿದೇ. ಮೂವತ್ತು ವರುಷ ಮಕ್ಕಳಿಗೆ ಕಾವ್ಯ ಕಲಿಸಿದವನಿಗೆ ಈ ಪ್ರಸಂಗವು ಎದೆಯಲ್ಲಿ ನಡುಕ ಹುಟ್ಟಿಸುವಂಥದು. ನಾವು ಹೇಳಿದ ಮಾತು ಕೇಳಿದವನ ಒಳಗೆ ಹೋಗಿ ಏನಾಗುವದೆಂದು ನಮಗೆ ಗೊತ್ತಿಲ್ಲ. ಧ್ವನಿಯೆಂದರೆ ಇದೇ ಅಲ್ಲವೇ? ಇಂಥ ವಿಚಾರವು ಓದುವವನ ಮೇಲೆಯೂ ಅದೇ ರೀತಿ ಪ್ರಯೋಗವಾಗಬೇಕಾದರೆ ಅದು ಶಬ್ದದಲ್ಲಿಯೇ ಇರಬೇಕು. ಪರದೆಯ ಮೇಲೆ ನಾವು ಬೆಳ್ಳಿಯನ್ನೇ ಕಾಣುತ್ತೇವೆ. ಶಬ್ದವು ದೇಹವಾಗುವ ಆ ಕ್ಷಣವು, ದೇಹವು ಮೊದಲೇ ಎದುರಿಗಿರುವಲ್ಲಿ ಹೇಗೆ ಘಟಿಸಬೇಕು?

ಮೂರನೆಯದು ಕಾದಂಬರಿಯ ಮೂರನೆಯ ಭಾಗದ ವಿಷಯ. ನನ್ನ ಮಟ್ಟಿಗೆ ಗ್ರಂಥದ ಪ್ರಾಣವೇ ಅಲ್ಲಿದೆ. ಹೆಂಡತಿಯ ಸೂತಕದಲ್ಲಿರುವ ಆಚಾರ್ಯರಿಗೆ ದಾರಿಯಲ್ಲಿ ಮಾಲೇರ ಪುಟ್ಟನು ಗಂಟುಬೀಳುತ್ತಾನೆ. ಮಾತಿನ ಮಲ್ಲ, ಬಿಟ್ಟರೂ ಬಿಡದವ, ಒಗಟು ಹೇಳುವವ. ಇಬ್ಬರೂ ಮೇಳಿಗೆಯ ತೇರಿನ ಜಾತ್ರೆಗೆ ಹೋಗುತ್ತಾರೆ. ಕೋಳಿ ಅಂಕ, ಸೋಡಾ, ಕಾಫಿಯ ಅಂಗಡಿ, ಪದ್ಮಾವತಿಯ ಮನೆ. ಸೂತಕದವನು ದೇವಸ್ಥಾನದ ಪಂಕ್ತಿಯಲ್ಲಿ ಊಟಕ್ಕೆ ಕೂಡ್ರುತ್ತಾನೆ. ಗುರುತಿಸಿದವನೊಬ್ಬನನ್ನು ಕಂಡು ಎದ್ದು ಓಡುತ್ತಾನೆ. ಹೊರಗೆ ಇಷ್ಟೇ ನಡೆಯುವದು. ಒಳಗೆ ನಡೆಯುವದಕ್ಕೆ ಮೇರೆಯಿಲ್ಲ. ಅಡವಿಯಲ್ಲಿ ನಡೆದದ್ದು ನಾನು ಮಾಡಿದ್ದೋ, ನನಗೆ ಒದಗಿದ್ದೋ? ಒದಗಿದ್ದಾದರೆ ಪಶ್ಚಾತ್ತಾಪವೇಕೆ? ಮಾಡಿದ್ದಾದರೆ ಮರಳಿ ಮಾಡಬಾರದೇಕೆ? ಹೇಳಿಬಿಟ್ಟರೆ ಊರು ಏನಾಗುವದು, ಹೇಳದಿದ್ದರೆ ನಾನು ಏನಾಗುವೆ?

ಭರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋದವರು ಈ ಭಾಗವನ್ನು ನೆನೆಯಬಹುದು. ಚಕ್ಕಡಿಗಳ ಸಾಲು, ಭಂಡಾರದ ಧೂಳು, ಉಧೋ ಉಧೋ ಎಂಬ ಘೋಷ. ಆ ಲಕ್ಷ ಜನರ ನಡುವೆ ಒಬ್ಬನು ಯಾರಿಗೂ ಹೇಳಲಾಗದ ಮಾತೊಂದನ್ನು ಹೊಟ್ಟೆಯಲ್ಲಿಟ್ಟುಕೊಂಡು ನಡೆಯುತ್ತಿದ್ದಾನೆಂದು ತಿಳಿಯಿರಿ. ಗುಡ್ಡದ ಮೇಲೆ ಅವನಿಗಿಂತ ಒಂಟಿಯಾದವನಾರು? ಚಿತ್ರಪಟವು ಈ ಜಾತ್ರೆಯನ್ನು ತೋರಿಸುವಾಗ ನಾವು ಜಾತ್ರೆಯನ್ನು ನೋಡುತ್ತೇವೆ. ಜಾತ್ರೆಯ ನೋಟವು ಚೆನ್ನಾಗಿಯೇ ಇದೆ. ಆದರೆ ಅದು ಚೆನ್ನಾಗಿರುವದೇ ತೊಡಕು. ಕಾದಂಬರಿಯಲ್ಲಿ ಆ ಗದ್ದಲವೆಲ್ಲ ಆಚಾರ್ಯರ ಮನಸ್ಸಿನ ಮೂಲಕ ಸೋಸಿ ಬರುತ್ತದೆ; ಇಲ್ಲಿ ಆಚಾರ್ಯರು ಗದ್ದಲದ ಒಂದು ಮೂಲೆಯಲ್ಲಿ ನಿಂತಿದ್ದಾರೆ. ಕಾರ್ನಾಡರ ಮುಖವು ಗಂಭೀರವಾದದ್ದು, ಸಂಯಮವುಳ್ಳದ್ದು. ಆದರೆ ಎಂಥ ಮುಖವಾದರೂ ಇಷ್ಟು ಪ್ರಶ್ನೆಗಳ ಭಾರವನ್ನು ಒಂದೇ ಸವನೆ ಹೊರಲಾರದು. ಪುಟ್ಟನೂ ಹಾಗೆಯೇ. ಪುಸ್ತಕದಲ್ಲಿ ಅವನು ಆಚಾರ್ಯರ ನೆರಳೋ, ಮರುಜನ್ಮವೋ, ವಿಧಿಯೋ ಎಂಬ ಸಂಶಯ ಬರುತ್ತದೆ; ಪರದೆಯ ಮೇಲೆ ಅವನು ಜಾತ್ರೆಗೆ ಬಂದ ಮಾತುಗಾರ ಮನುಷ್ಯ.

ಈ ಮೂರು ಕೊರತೆಗಳ ಒಟ್ಟು ಪರಿಣಾಮವೇನೆಂದರೆ, ಪ್ರಶ್ನೆಯೇ ಸ್ಥಳ ಬದಲಿಸುತ್ತದೆ. ಗ್ರಂಥದಲ್ಲಿ ಮುಖ್ಯವಾದದ್ದು ನಿರ್ಣಯಿಸಲಾರದವನ ಸಂಕಟ. ಚಿತ್ರಪಟದಲ್ಲಿ ಕಣ್ಣಿಗೆ ಹೆಚ್ಚು ಬೀಳುವದು ಚಂದ್ರಿಯು ಇಳಿಸಿಟ್ಟ ಬಂಗಾರಕ್ಕಾಗಿ ಗರುಡ ಲಕ್ಷ್ಮಣರು ಮಾಡುವ ಕಿತ್ತಾಟ, ಬ್ರಾಹ್ಮಣರ ಲೋಭ ಮತ್ತು ಹಸಿವು. ಇವೂ ಗ್ರಂಥದಲ್ಲಿವೆ, ಅಲ್ಲಗಳೆಯುವದಿಲ್ಲ. ಅವನ್ನು ತೋರಿಸಿದ್ದಕ್ಕಾಗಿ ನನಗೆ ಸಿಟ್ಟೂ ಇಲ್ಲ. ಅಂಥ ಲೋಭವನ್ನು ನಾನು ಮನೆಯ ಹತ್ತಿರವೇ ಕಂಡಿದ್ದೇನೆ. ಆದರೆ ಲೋಭಿಗಳನ್ನು ನೋಡುವವನು ತಾನು ಲೋಭಿಯಲ್ಲವೆಂದುಕೊಂಡು ಸುಖವಾಗಿ ಮನೆಗೆ ಹೋಗಬಹುದು. ನಿರ್ಣಯಸಿಂಧುವನ್ನು ತಿರುವುತ್ತ ಕೂತವನ ಎದೆಬಡಿತವನ್ನು ಕೇಳಿದವನಿಗೆ ಹಾಗೆ ಹೋಗಲು ಬರುವದಿಲ್ಲ. ಕಾದಂಬರಿಯು ನನ್ನನ್ನು ಆರೋಪಿಯ ಸ್ಥಾನದಲ್ಲಿ ನಿಲ್ಲಿಸಿತು. ಚಿತ್ರಪಟವು ನ್ಯಾಯಾಧೀಶನ ಕುರ್ಚಿಯಲ್ಲಿ ಕೂಡ್ರಿಸಿತು. ನನ್ನ ನಿರಾಶೆಯ ಮೂಲವೆಲ್ಲ ಇದರಲ್ಲಿದೆ.

‘ಸಂಸ್ಕಾರ’ವೆಂಬ ಶಬ್ದವನ್ನೇ ನೋಡಿರಿ. ಅದಕ್ಕೆ ಅಂತ್ಯಕ್ರಿಯೆಯೆಂಬ ಅರ್ಥವುಂಟು. ಶೋಧನೆ, ತಿದ್ದುವಿಕೆ ಎಂಬ ಅರ್ಥವುಂಟು. ಹಿಂದಿನ ಅನುಭವಗಳು ಚಿತ್ತದಲ್ಲಿ ಬಿಟ್ಟುಹೋದ ವಾಸನೆಯೆಂಬ ಅರ್ಥವೂ ಉಂಟು. ಕಾದಂಬರಿಯು ಮೊದಲನೆಯ ಅರ್ಥದಿಂದ ಹೊರಟು ಮೂರನೆಯದರಲ್ಲಿ ಇಳಿಯುತ್ತದೆ. ಹೆಣವನ್ನು ಚಂದ್ರಿಯು ರಾತ್ರಿಯಲ್ಲಿ ಒಬ್ಬ ಮುಸಲ್ಮಾನನ ಸಹಾಯದಿಂದ ಸುಡಿಸಿಬಿಟ್ಟಿದ್ದಾಳೆ. ಬ್ರಾಹ್ಮಣರಿಗೆ ಅದು ತಿಳಿಯದು. ಸಂಸ್ಕಾರವಾಗಬೇಕಾದದ್ದು ಉಳಿದದ್ದು ಬದುಕಿದವರಿಗೆ. ಚಿತ್ರಪಟವು ಮೊದಲನೆಯ ಅರ್ಥವನ್ನು ಪೂರ್ಣವಾಗಿ ಹೇಳಿ, ಎರಡನೆಯದನ್ನು ಮುಟ್ಟಿ, ಮೂರನೆಯದರ ಬಾಗಿಲಲ್ಲಿ ನಿಂತಿತು.

ಇಲ್ಲಿ ಒಬ್ಬ ಪೂರ್ವಪಕ್ಷಿಯು ಏಳಬಹುದು. ಚಿತ್ರಪಟವು ಬೇರೊಂದು ಕಲೆ. ಕಾದಂಬರಿಯ ಅಳತೆಗೋಲಿನಿಂದ ಅದನ್ನು ಅಳೆಯುವದು ಅನ್ಯಾಯ. ದೃಶ್ಯಕ್ಕೆ ಈ ಸಾಮರ್ಥ್ಯವೇ ಇಲ್ಲವೆಂದರೆ ಕಲೆಯನ್ನೇ ಹಳಿದಂತಾಯಿತು ಎಂದು. ನಾನು ಹಾಗೆ ಹಳಿಯುವದಿಲ್ಲ. ಈ ಕಾದಂಬರಿಯೇ ಒಂದು ಚಿತ್ರಪಟದ ಋಣವುಳ್ಳದ್ದು. ಅನಂತಮೂರ್ತಿಯವರು ಇಂಗ್ಲಂಡದ ಬರ್ಮಿಂಗ್‌ಹ್ಯಾಮಿನಲ್ಲಿ ಓದುತ್ತಿದ್ದಾಗ, ಪ್ಲೇಗಿನ ಕಾಲದ ಕಥೆಯುಳ್ಳ ಬರ್ಗ್‌ಮನ್ನರ ‘ಏಳನೆಯ ಮುದ್ರೆ’ ಎಂಬ 1957ರ ಸ್ವೀಡಿಶ್ ಚಿತ್ರವನ್ನು, ಕೆಳಗೆ ಅನುವಾದದ ಸಾಲುಗಳಿಲ್ಲದೆಯೇ ನೋಡಿ, ಆ ಪ್ರೇರಣೆಯಿಂದ ಇದನ್ನು ಬರೆದರೆಂಬದು ಅವರೇ ಹೇಳಿಕೊಂಡ ಸಂಗತಿ. ಭಾಷೆ ತಿಳಿಯದ ಚಿತ್ರವು ಅವರಿಗೆ ಅವರದೇ ಅಗ್ರಹಾರವನ್ನು ತೋರಿಸಿತು. ಮೇಲಾಗಿ ಅವರದೇ ‘ಘಟಶ್ರಾದ್ಧ’ವನ್ನು 1977ರಲ್ಲಿ ಗಿರೀಶ ಕಾಸರವಳ್ಳಿಯವರು ಚಿತ್ರಪಟ ಮಾಡಿದರು. ಅದರಲ್ಲಿಯೂ ಬಹಿಷ್ಕಾರವುಂಟು, ಪಾಠಶಾಲೆಯುಂಟು. ಆದರೆ ಕಥೆಯು ನಾಣಿಯೆಂಬ ಬಾಲಕನ ಕಣ್ಣಿನಿಂದ ನಡೆಯುವದರಿಂದ ಕ್ಯಾಮೆರಾಕ್ಕೆ ನಿಲ್ಲಲು ಒಂದು ಸ್ಥಳ ಸಿಕ್ಕಿತು. ಹುಡುಗನಿಗೆ ತಿಳಿಯದ್ದು ನಮಗೆ ತಿಳಿಯುತ್ತದೆ. ಅದೇ ಅಲ್ಲಿಯ ಧ್ವನಿ. 1975ರ ‘ಚೋಮನ ದುಡಿ’ಯಲ್ಲಿ ಚೋಮನ ಸಂಕಟವು ದುಡಿಯ ಬಡಿತವಾಗಿ ಹೊರಗೆ ಬರುತ್ತದೆ, ಕಾರಂತರ ಪುಟದಲ್ಲಿ ಓದಿದ ದುಡಿಯನ್ನು ಚಿತ್ರಪಟದಲ್ಲಿ ಕಿವಿಯಾರೆ ಕೇಳಿದೆವು. ಇವೆರಡರಲ್ಲಿ ದೃಶ್ಯವು ಶ್ರವ್ಯಕ್ಕೆ ಸೋಲಲಿಲ್ಲ. ಯಾಕಂದರೆ ಒಳಗಿನದನ್ನು ಹೊರಗೆ ತರುವ ಒಂದು ದಾರಿಯನ್ನು ಅವು ಕಂಡುಹಿಡಿದವು. ‘ಸಂಸ್ಕಾರ’ದ ಚಿತ್ರಪಟವು ಕಥೆಯ ಘಟನೆಗಳನ್ನು ನಂಬಿಗೆಯಿಂದ ಅನುಸರಿಸಿತೇ ಹೊರತು ಅಂಥ ದಾರಿಯೊಂದನ್ನು ಕಂಡುಹಿಡಿಯಲಿಲ್ಲ. ಅದರ ದೋಷವು ಸ್ವೇಚ್ಛಾಚಾರವಲ್ಲ, ಅತಿಯಾದ ವಿಧೇಯತೆ. ಇದೂ ಒಂದು ವಿಪರ್ಯಾಸವೇ ಸರಿ: ಅಕ್ಷರವನ್ನು ಪಾಲಿಸಿ ಅರ್ಥವನ್ನು ಕಳೆದುಕೊಳ್ಳುವದರ ಮೇಲೆ ಬರೆದ ಕಥೆಯನ್ನು ಅಕ್ಷರಶಃ ಪಾಲಿಸಿದರು.

ಒಂದು ಪಾತ್ರದ ವಿಷಯದಲ್ಲಿ ಮಾತ್ರ ನನ್ನ ದೂರಿಲ್ಲ. ಚಂದ್ರಿಯು ಕಾದಂಬರಿಯಲ್ಲಿಯೂ ಹೆಚ್ಚು ವಿಚಾರಿಸುವವಳಲ್ಲ, ಮಾಡುವವಳು. ಹೆಣ ಬಿದ್ದಿದೆ, ಸುಡಬೇಕು. ಗಂಡಸು ಹಸಿದಿದ್ದಾನೆ, ಉಣಿಸಬೇಕು. ಆದ್ದರಿಂದ ಅವಳು ದೃಶ್ಯಕ್ಕೆ ತಾನಾಗಿ ಒದಗುತ್ತಾಳೆ. ಸ್ನೇಹಲತಾ ರೆಡ್ಡಿಯವರ ಮೌನದಲ್ಲಿ ನಾನು ನಮ್ಮ ಓಣಿಯ ಆ ನಾಲ್ವರು ಒಕ್ಕಲಿಗರನ್ನು ಕಂಡೆನು. ಈ ನಟಿಯು 1976ರಲ್ಲಿ, ತುರ್ತುಪರಿಸ್ಥಿತಿಯ ಕಾಲದಲ್ಲಿ, ಬೆಂಗಳೂರಿನ ಸೆರೆಮನೆಯಲ್ಲಿ ಬಂಧಿತರಾಗಿ, ಉಬ್ಬಸದಿಂದ ನರಳಿ, 1977ರ ಜನವರಿಯಲ್ಲಿ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಕೆಟ್ಟ ಲೋಕದ ಕಥೆಯಲ್ಲಿ ಧೈರ್ಯವಂತೆಯಾಗಿ ನಟಿಸಿದವರು ಕೆಟ್ಟ ಕಾಲವೊಂದರಲ್ಲಿ ನಿಜವಾಗಿಯೂ ಧೈರ್ಯವಂತೆಯಾಗಿದ್ದರು. ಅದನ್ನು ತಿಳಿದು ನೋಡುವಾಗ ಆ ಮುಖದಿಂದ ಕಣ್ಣು ಕೀಳುವದಾಗುವದಿಲ್ಲ.

ಇಷ್ಟೆಲ್ಲ ಬರೆಯುವ ಕಾರಣವನ್ನು ಹೇಳಿ ಮುಗಿಸುತ್ತೇನೆ. ಇತ್ತಿತ್ತಲಾಗಿ ಕಾಲೇಜಿನ ಹುಡುಗರನ್ನು ಈ ಗ್ರಂಥವನ್ನು ಓದಿದ್ದೀರಾ ಎಂದು ಕೇಳಿದರೆ, “ಸಿನೆಮಾ ನೋಡೇವ್ರಿ, ಸರ್” ಎನ್ನುತ್ತಾರೆ. ಎರಡು ತಾಸಿನಲ್ಲಿ ಕಥೆ ತಿಳಿಯಿತು, ಪರೀಕ್ಷೆಗೆ ಸಾಕಾಯಿತು. ಆದರೆ ಕಥೆ ತಿಳಿಯುವದಕ್ಕಾಗಿ ‘ಸಂಸ್ಕಾರ’ವನ್ನು ಬರೆದಿಲ್ಲ. ಉತ್ತರವಿಲ್ಲದ ಪ್ರಶ್ನೆಯೊಡನೆ ಒಂದು ರಾತ್ರಿ ಕೂಡ್ರುವದನ್ನು ಅದು ಕಲಿಸುತ್ತದೆ. ಈ ತಾಳ್ಮೆಯು ಬರಿ ಓದಿನ ಸದ್ಗುಣವಲ್ಲ. ಮುಂದೊಂದು ದಿನ ಅವರ ಓಣಿಯಲ್ಲಿಯೂ ಯಾರೂ ಎತ್ತದ ಹೆಣವೊಂದು ಬೀಳಬಹುದು, ಅವರನ್ನೂ ಯಾರಾದರೂ ಕೇಳಬಹುದು. ಆಗ ಪುಸ್ತಕವನ್ನು ತೆರೆದು ಕೂಡ್ರಬೇಕೋ, ಎದ್ದು ಹೆಗಲು ಕೊಡಬೇಕೋ ಎಂಬದನ್ನು ಯಾವ ಚಿತ್ರಪಟವೂ ಯಾವ ನಿರ್ಣಯಗ್ರಂಥವೂ ಹೇಳಲಿಕ್ಕಿಲ್ಲ.

ನಮ್ಮ ಸಂಘದ ತಿಂಗಳ ಸಭೆಯಲ್ಲಿ ಕಾದಂಬರಿಯ ಮೂರನೆಯ ಭಾಗವನ್ನು ಗಟ್ಟಿಯಾಗಿ ಓದಿಸಬೇಕೆಂದು ನನ್ನ ವಿನಂತಿ; ಚಿತ್ರಪಟವನ್ನು ಅದರ ಮರುದಿನ ತೋರಿಸಲಿ. ಮೊಮ್ಮಗನಿಗೆ ನಾನು ಕೊಟ್ಟ ಉತ್ತರವೂ ಕಡೆಗೆ ಇದೇ ಆಯಿತು. ನನ್ನ ಹಳೆಯ ಪ್ರತಿಯನ್ನು ಅವನ ಕೈಯಲ್ಲಿಟ್ಟೆನು. ಮಗಳ ಮನೆಯನ್ನು ನೋಡಿದ್ದಾಯಿತು. ಇನ್ನು ಮಗಳನ್ನು ಮಾತಾಡಿಸು ಎಂದೆನು. ಅವನು ಓದುತ್ತಿದ್ದಾನೆ. ಮೊನ್ನೆ ರಾತ್ರಿ ಅವನ ಕೋಣೆಯಲ್ಲಿ ದೀಪವು ಬಹಳ ಹೊತ್ತು ಉರಿಯುತ್ತಿತ್ತು.